ಹನ್ನೊಂದು ಕೋರ್ಸ್ ಕಡ್ಡಾಯ ಮಾಡಿ, ಆದರೆ ಎಲ್ಲ ಕಡೆ ಲೆಕ್ಕಕ್ಕೆ ತಗೊಳ್ಳಿ

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜಿಗೆ) ಕಳಿಸುತ್ತಿರುವ, ಕಳಿಸಬೇಕೋ ಬೇಡವೋ ಅಂತ ಯೋಚಿಸುತ್ತಿರುವ ಕನ್ನಡದ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

2025ರ ಫಾಲ್‌ನಿಂದ ಇಲ್ಲಿ ಒಂದು ದೊಡ್ಡ ಬದಲಾವಣೆ ಆಗಿದೆ. ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುವವರಿಗೆ ಜನರಲ್ ಎಜುಕೇಶನ್, ಅಂದರೆ ಮೇಜರ್ (ಮುಖ್ಯ ವಿಷಯ) ಯಾವುದಾದರೂ ಎಲ್ಲರೂ ಓದಬೇಕಾದ ಕೋರ್ಸುಗಳ ಪಟ್ಟಿ ಇರುತ್ತದಲ್ಲ, ಮಕ್ಕಳು ಜಿಇ ಅನ್ನುತ್ತಾರೆ, ಅದು ಈಗ ಒಂದೇ. ಹೆಸರು ಕ್ಯಾಲ್-ಗೆಟ್ಸಿ. ಮೊದಲು ಎರಡಿದ್ದವು. ಕ್ಯಾಲ್ ಸ್ಟೇಟ್ ಕ್ಯಾಂಪಸ್‌ಗಳಿಗೆ ಮಾತ್ರ ನಡೆಯುವುದು ಒಂದು, ಯುಸಿಗೂ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ನಡೆಯುವ ಐಗೆಟ್ಸಿ ಇನ್ನೊಂದು. ಕ್ಯಾಲ್ ಸ್ಟೇಟ್, ಯುಸಿ ಎರಡೂ ಹಲವು ಕ್ಯಾಂಪಸ್‌ಗಳಿರುವ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳು. ಹದಿನೆಂಟು ವರ್ಷದ ಹುಡುಗ ಕಾಲೇಜಿಗೆ ಕಾಲಿಟ್ಟ ಮೊದಲ ವಾರವೇ ಯಾವ ದಾರಿ ಅಂತ ಆರಿಸಿಕೊಳ್ಳಬೇಕಿತ್ತು. 2021ರಲ್ಲಿ ಪಾಸಾದ ಎಬಿ 928 ಅನ್ನುವ ಕಾನೂನು ಹೇಳಿತು: ಎರಡು ಬೇಡ, ಒಂದೇ ಇರಲಿ. ಹೊಸದಾಗಿ ಸೇರುವವರಿಗೆ ಈಗ ಹನ್ನೊಂದು ಕೋರ್ಸು, ಒಂದು ಲ್ಯಾಬ್, ಒಟ್ಟು 34 ಸೆಮಿಸ್ಟರ್ ಯೂನಿಟ್. ಇಂಗ್ಲಿಷ್ ಬರವಣಿಗೆ, ಕ್ರಿಟಿಕಲ್ ಥಿಂಕಿಂಗ್, ಮಾತುಗಾರಿಕೆ, ಒಂದು ಗಣಿತ, ಕಲೆ ಮತ್ತು ಸಾಹಿತ್ಯದ ಕಡೆಯಿಂದ ಎರಡು, ಸಮಾಜ ವಿಜ್ಞಾನ ಎರಡು, ವಿಜ್ಞಾನ ಎರಡು, ಎಥ್ನಿಕ್ ಸ್ಟಡೀಸ್ (ಕರಿಯರು, ಮೂಲನಿವಾಸಿಗಳು, ಲ್ಯಾಟಿನೋಗಳು, ಏಷ್ಯನ್ನರು ಹೀಗೆ ಅಮೆರಿಕದ ಸಮುದಾಯಗಳ ಚರಿತ್ರೆ, ಬದುಕು) ಒಂದು. ಎಲ್ಲದರಲ್ಲೂ ಸಿ ಗ್ರೇಡ್ ಬರಲೇಬೇಕು. ಸಿ ಮೈನಸ್ ಬಂದರೆ ಆಗಲಿಲ್ಲ.

ಇದು ಒಳ್ಳೆಯ ಕೆಲಸ. ನಾನು ಮನಸಾರೆ ಒಪ್ಪುತ್ತೇನೆ. ಆದರೆ ಕೆಲಸ ಅರ್ಧಕ್ಕೆ ನಿಂತಿದೆ, ಮೇಜರ್‌ಗೆ ಬೇಕಾದ ಕೋರ್ಸುಗಳ ಪಟ್ಟಿ ಇನ್ನೂ ಒಂದಾಗಿಲ್ಲ. ಅದಕ್ಕೇ ಈ ಬರಹ.

ಮೊದಲು ನಮ್ಮವರ ದೂರಿಗೆ ಬರುತ್ತೇನೆ. "ಮಗ ಕಂಪ್ಯೂಟರ್ ಸೈನ್ಸ್ ಮಾಡೋನು, ಅವನಿಗೆ ಎಥ್ನಿಕ್ ಸ್ಟಡೀಸ್ ಯಾಕೆ, ಮ್ಯೂಸಿಕ್ ಹಿಸ್ಟರಿ ಯಾಕೆ? ಸುಮ್ನೆ ಟೈಮ್ ವೇಸ್ಟು." ಪಾಟ್‌ಲಕ್‌ಗೆ ಹೋದರೂ ಇದೇ ಮಾತು, ವಾಟ್ಸಾಪ್ ಗುಂಪಿನಲ್ಲೂ ಇದೇ ಮಾತು. ಇದು ಎಲ್ಲಿಂದ ಬಂತು ಅಂತ ನಮಗೆಲ್ಲ ಗೊತ್ತು. ನಾವು ಬೆಳೆದದ್ದೇ ಹಾಗೆ. ಪಿಯುಸಿಯಲ್ಲಿ ಸೈನ್ಸ್ ತಗೊಂಡ ದಿನವೇ ಇತಿಹಾಸಕ್ಕೆ ಕೈ ಮುಗಿದೆವು. ಎಂಜಿನಿಯರಿಂಗ್‌ನಲ್ಲಿ ಸಂವಿಧಾನದ ಪೇಪರ್ ಇತ್ತು. ಹಿಂದಿನ ರಾತ್ರಿ ಓದಿ ಪಾಸಾಗುವ ಪೇಪರ್ ಅಂತಲೇ ಎಲ್ಲರೂ ಅದನ್ನು ನೋಡುತ್ತಿದ್ದರು. ಹಾಗಾಗಿ ನಮಗೆ ಮೇಜರ್ ಬಿಟ್ಟು ಉಳಿದಿದ್ದೆಲ್ಲ ಅಡ್ಡಿ ಅನಿಸುತ್ತದೆ.

ಈ ಎಥ್ನಿಕ್ ಸ್ಟಡೀಸ್ ಯಾರೋ ಆಫೀಸಿನಲ್ಲಿ ಕೂತು ಸೇರಿಸಿದ್ದಲ್ಲ. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ನಮ್ಮ ಜನರ ಕಥೆ ನಮ್ಮ ಪಾಠದಲ್ಲಿ ಇರಬೇಕು ಅಂತ ಕೇಳಿದರು. ಮುಂದಿನ ವರ್ಷದ ಮಾರ್ಚ್‌ವರೆಗೂ ಅದು ನಡೆಯಿತು. ಅದರ ಫಲವಾಗಿ ಅಲ್ಲಿ ಎಥ್ನಿಕ್ ಸ್ಟಡೀಸ್‌ಗೆಂದೇ ಒಂದು ಕಾಲೇಜು ಹುಟ್ಟಿತು. 2020ರಲ್ಲಿ ಎಬಿ 1460 ಕಾನೂನು ಕ್ಯಾಲ್ ಸ್ಟೇಟ್ ಪದವಿಗೆ ಈ ವಿಷಯವನ್ನು ಕಡ್ಡಾಯ ಮಾಡಿತು. ಇವತ್ತು ನಮ್ಮ ಮಗ ಮೂರು ಯೂನಿಟ್ ಅಂತ ಗೊಣಗುವ ಕೋರ್ಸಿನ ಹಿಂದೆ ಇಷ್ಟು ಇದೆ.

ಅದರಲ್ಲಿ ಏಷ್ಯನ್ ಅಮೆರಿಕನ್ ಇತಿಹಾಸವನ್ನು ಆರಿಸಿಕೊಂಡವರಿಗೆ ಏನು ಸಿಗಬಹುದು ನೋಡಿ. 1913ರ ಕಾನೂನಿನ ಪ್ರಕಾರ, ಪೌರತ್ವ ಪಡೆಯುವ ಹಕ್ಕಿಲ್ಲದ ವಿದೇಶಿಯರು ಕ್ಯಾಲಿಫೋರ್ನಿಯಾದಲ್ಲಿ ಹೊಲ ಗದ್ದೆ ಕೊಳ್ಳುವಂತಿರಲಿಲ್ಲ. 1923ರಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರಿಗೆ ಆ ಹಕ್ಕು ಇಲ್ಲ ಅಂದಿತು. ಥಿಂಡ್ ಅಮೆರಿಕದ ಸೈನ್ಯದಲ್ಲಿ ಇದ್ದವರು. 1946ರಲ್ಲಿ ಕಾನೂನು ಬದಲಾಗುವ ತನಕ ಹಾಗೇ ಇತ್ತು. ಹತ್ತೇ ವರ್ಷಕ್ಕೆ, 1956ರಲ್ಲಿ, ದಲೀಪ್ ಸಿಂಗ್ ಸೌಂಡ್ ಇದೇ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಕಾಂಗ್ರೆಸ್‌ಗೆ ಗೆದ್ದರು. ಫ್ರೀಮಾಂಟ್‌ನಲ್ಲಿ, ಕ್ಯುಪರ್ಟಿನೋದಲ್ಲಿ ಮನೆ ಕೊಂಡಿರುವ ನಮಗೆ ಇದು ಗೊತ್ತಿರಬೇಕಲ್ವಾ? ನಮ್ಮ ಮಕ್ಕಳಿಗಂತೂ ಗೊತ್ತಿರಲೇಬೇಕು. ಹೈಸ್ಕೂಲಿನಲ್ಲಿ ಇದನ್ನು ಯಾರೂ ಕೂತು ಹೇಳಿರುವುದಿಲ್ಲ. ಮನೆಯಲ್ಲಿ ನಮಗೆ ಹೇಳಲು ಬರುವುದಿಲ್ಲ.

ಹಾಗಾಗಿ ಜಿಇ ಬೇಡ ಅನ್ನುವವರ ಸಾಲಿನಲ್ಲಿ ನಾನಿಲ್ಲ. ಹೊಸ ಪಟ್ಟಿಯಲ್ಲಿ ಕಲೆ ಮತ್ತು ಸಾಹಿತ್ಯದ ಒಂದು ಕೋರ್ಸ್ ಕಡಿಮೆ ಆಗಿದ್ದೇ ನನಗೆ ಬೇಜಾರು. ಐಗೆಟ್ಸಿಯಲ್ಲಿ ಯುಸಿಗೆ ಹೋಗುವವರು ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ ಬರುತ್ತದೆ ಅಂತ ತೋರಿಸಬೇಕಿತ್ತು. ಅದೂ ಹೋಯಿತು. ಆ ಹಳೇ ನಿಯಮದಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಾಲಿತ್ತು. ಆರನೇ ತರಗತಿ ಅಥವಾ ಅದಕ್ಕಿಂತ ಮೇಲೆ, ಇಂಗ್ಲಿಷ್ ಅಲ್ಲದ ಮಾಧ್ಯಮದ ಶಾಲೆಯಲ್ಲಿ ಎರಡು ವರ್ಷ ಓದಿ ಪಾಸಾಗಿದ್ದರೆ ಸಾಕು, ಭಾಷೆಯ ಭಾಗ ಮುಗಿದಂತೆ. ಅಂದರೆ ನಮ್ಮೂರಿನ ಸರ್ಕಾರಿ ಕನ್ನಡ ಶಾಲೆಯ ಅಂಕಪಟ್ಟಿಗೂ ಇಲ್ಲಿ ಬೆಲೆ ಇತ್ತು. ಅದೇ ಐಗೆಟ್ಸಿ ಹೊರದೇಶದ ಕಾಲೇಜಿನ ಉಳಿದ ಕೋರ್ಸುಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮೈಸೂರಿನಲ್ಲಿ ಬಿಎಸ್ಸಿ ಮುಗಿಸಿ ಮದುವೆಯಾಗಿ ಬಂದು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಓದಲು ಹೊರಟ ಹೆಂಗಸರನ್ನು ನಾನು ಬಲ್ಲೆ. ಕೆಮಿಸ್ಟ್ರಿ ಮೊದಲಿನಿಂದ ಶುರು ಮಾಡಬೇಕಾಯಿತು.

ಈಗ ನನ್ನ ಸಿಟ್ಟಿನ ಮಾತಿಗೆ ಬರುತ್ತೇನೆ. ಕಡ್ಡಾಯ ಮಾಡುವುದು ತಪ್ಪಲ್ಲ. ಕಡ್ಡಾಯ ಮಾಡಿ, ಓದಿಸಿ, ಆಮೇಲೆ ಇದು ನಮ್ಮಲ್ಲಿ ನಡೆಯಲ್ಲ ಅನ್ನುವುದು ತಪ್ಪು.

ನನ್ನ ಅಕ್ಕನ ಮಗಳು ಹಳೇ ಪಟ್ಟಿಗಳ ಕಾಲದವಳು. ಕ್ಯಾಲ್ ಸ್ಟೇಟ್‌ಗೆ ಹೋಗುತ್ತೇನೆ ಅಂದುಕೊಂಡೇ ಶುರು ಮಾಡಿದಳು. ಕೌನ್ಸೆಲರ್ ಹೇಳಿದಂತೆ ಕೋರ್ಸ್ ತಗೊಂಡಳು. ಎರಡನೇ ವರ್ಷ ಗ್ರೇಡ್ ತುಂಬ ಚೆನ್ನಾಗಿ ಬಂತು, ಯುಸಿಗೂ ಅರ್ಜಿ ಹಾಕೋಣ ಅಂತ ಧೈರ್ಯ ಬಂತು. ಆಗ ಗೊತ್ತಾಯಿತು, ಅವಳು ಫಿಲಾಸಫಿ ವಿಭಾಗದಲ್ಲಿ ಮಾಡಿದ ಕ್ರಿಟಿಕಲ್ ಥಿಂಕಿಂಗ್ ಕೋರ್ಸು ಕ್ಯಾಲ್ ಸ್ಟೇಟ್‌ಗೆ ಸರಿ, ಐಗೆಟ್ಸಿಗೆ ಸಾಲದು. ಐಗೆಟ್ಸಿಗೆ ಅದರ ಜೊತೆ ಇಂಗ್ಲಿಷ್ ಬರವಣಿಗೆಯೂ ಸೇರಿರಬೇಕು. ಲೈಫ್‌ಲಾಂಗ್ ಲರ್ನಿಂಗ್ ಅಂತ ಮಾಡಿದ್ದ ಇನ್ನೊಂದು ಕೋರ್ಸಿಗಂತೂ ಐಗೆಟ್ಸಿಯಲ್ಲಿ ಜಾಗವೇ ಇಲ್ಲ. ಯುಸಿಗೆ ಫಾಲ್‌ನಲ್ಲಿ ಸೇರಬೇಕಾದರೆ ಎರಡು ಇಂಗ್ಲಿಷ್ ಕೋರ್ಸೂ ಅದರ ಹಿಂದಿನ ಸ್ಪ್ರಿಂಗ್ ಒಳಗೆ ಮುಗಿದಿರಬೇಕು. ಅವಳ ಕಾಲೇಜಿನಲ್ಲಿ ಆ ಕ್ಲಾಸು ತುಂಬಿ ಹೋಗಿತ್ತು. ಇನ್ನೊಂದು ಊರಿನ ಕಾಲೇಜಿಗೆ ಸಂಜೆ ಹೊತ್ತು ಡ್ರೈವ್ ಮಾಡಿಕೊಂಡು ಹೋಗಿ ಮುಗಿಸಿದಳು. ಕಾರ್ ಇತ್ತು, ಮನೆಯಲ್ಲಿ ಅಮ್ಮ ಅಪ್ಪ ಇದ್ದರು, ಆಯಿತು. ಅಂಗಡಿಯಲ್ಲಿ ಸಂಜೆ ಶಿಫ್ಟ್ ಮಾಡಿಕೊಂಡು ಓದುವ ಅವಳ ಗೆಳತಿಗೆ ಅದು ಆಗಲಿಲ್ಲ. ಆ ಹುಡುಗಿ ಯುಸಿ ಆಸೆಯನ್ನೇ ಬಿಟ್ಟಳು. ಓದಿನಲ್ಲಿ ಇಬ್ಬರೂ ಒಂದೇ. ನನಗೆ ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ದುಡ್ಡಿನ ಲೆಕ್ಕ ಹಾಕಿದರೆ ಇದು ಚಿಕ್ಕ ವಿಷಯ ಅನಿಸಬಹುದು. ಕಮ್ಯುನಿಟಿ ಕಾಲೇಜಿನಲ್ಲಿ ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. 34 ಯೂನಿಟ್ ಅಂದರೆ 1,564 ಡಾಲರ್. ಯುಸಿಯಲ್ಲಿ ಒಂದು ವರ್ಷದ ಟ್ಯೂಶನ್, ಫೀಸು ಸೇರಿದರೆ 14 ಸಾವಿರಕ್ಕೆ ಕಡಿಮೆ ಇಲ್ಲ. ಆದರೆ ಕಳೆದುಹೋಗುವುದು ದುಡ್ಡಲ್ಲ, ಟೈಮು. ನಮ್ಮಲ್ಲಿ ಎಷ್ಟೋ ಮಕ್ಕಳು ಎಚ್-4 ವೀಸಾದಲ್ಲಿದ್ದಾರೆ, ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ನಿಂತಿರುವ ವೀಸಾ ಅದು. 21 ತುಂಬಿದರೆ ಆ ವೀಸಾ ಹೋಯಿತು. ಸ್ಟೂಡೆಂಟ್ ವೀಸಾಗೆ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ಅಂಥ ಮನೆಯಲ್ಲಿ ಒಂದು ಸೆಮಿಸ್ಟರ್ ಜಾಸ್ತಿ ಆಯಿತು ಅಂದರೆ ಏನಾಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಹೊಸ ಪಟ್ಟಿ ಅಕ್ಕನ ಮಗಳಿಗೆ ಆದಂಥದ್ದನ್ನು ಬಹುಮಟ್ಟಿಗೆ ತಡೆಯುತ್ತದೆ. ಜೊತೆಗೆ ಎಬಿ 1111 ಅನ್ನುವ ಇನ್ನೊಂದು ಕಾನೂನಿನಿಂದ ಕೋರ್ಸುಗಳ ನಂಬರ್ ಕೂಡ ಒಂದಾಗುತ್ತಿದೆ. ಇಂಗ್ಲಿಷ್ ಸಿ1000, ಸ್ಟ್ಯಾಟ್ ಸಿ1000, ಸೈಕ್ ಸಿ1000. 116 ಕಮ್ಯುನಿಟಿ ಕಾಲೇಜುಗಳಲ್ಲಿ ಎಲ್ಲಿ ಓದಿದರೂ ಅದೇ ಹೆಸರು, ಅದೇ ನಂಬರ್. ಮೊದಲ ಸುತ್ತಿನಲ್ಲಿ ಆರು ಕೋರ್ಸು ಬಂದಿವೆ. ಇಷ್ಟು ಸರಳವಾದ ಕೆಲಸಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತೋ.

ಇನ್ನು ಉಳಿದ ಅರ್ಧ. ಅದು ಮೇಜರ್‌ನ ತಯಾರಿ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಗುವುದೇ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಕಡೆ. ಅಲ್ಲಿ ಜಿಇ ಪಟ್ಟಿ ಪೂರ್ತಿ ಮುಗಿಸಿದರೆ ಲಾಭಕ್ಕಿಂತ ನಷ್ಟ ಆಗುವುದೂ ಉಂಟು. ಯುಸಿ ಬರ್ಕ್ಲಿಯ ಎಂಜಿನಿಯರಿಂಗ್ ಕಾಲೇಜು ಐಗೆಟ್ಸಿಯನ್ನು ಒಪ್ಪುತ್ತಲೇ ಇರಲಿಲ್ಲ. ಮೊದಲು ಕ್ಯಾಲ್ಕ್ಯುಲಸ್, ಫಿಸಿಕ್ಸ್, ಪ್ರೋಗ್ರಾಮಿಂಗ್ ಮುಗಿಸಿ ಅಂತ ಯುಸಿಯೇ ಈ ಮೇಜರ್‌ಗಳವರಿಗೆ ಹೇಳುತ್ತದೆ. ಆ ಕೋರ್ಸುಗಳಾದರೂ ಎಲ್ಲ ಕಡೆ ಒಂದೇನಾ? ಅಲ್ಲ. ಒಂದು ಕ್ಯಾಂಪಸ್ ಕೇಳುವ ಪ್ರೋಗ್ರಾಮಿಂಗ್ ಕೋರ್ಸನ್ನು ಇನ್ನೊಂದು ಕೇಳುವುದಿಲ್ಲ. ಡೇವಿಸ್‌ಗೂ ಸ್ಯಾನ್ ಡಿಯೇಗೊಗೂ ಎಲ್‌ಎಗೂ ಅರ್ಜಿ ಹಾಕುವ ಹುಡುಗಿ, ಯಾವ ಕೋರ್ಸ್ ಎಲ್ಲಿ ನಡೆಯುತ್ತದೆ ಅಂತ ತೋರಿಸುವ ಅಸಿಸ್ಟ್ ವೆಬ್‌ಸೈಟ್‌ನಲ್ಲಿ ಮೂರು ಪಟ್ಟಿ ತೆಗೆದು, ಪಕ್ಕಪಕ್ಕ ಇಟ್ಟು ಗೆರೆ ಹಾಕುತ್ತಾ ಕೂರಬೇಕು. ಜಿಇ ಮುಗಿಸದೆ ಹೋದರೆ ಆಯಾ ಕ್ಯಾಂಪಸ್‌ನ ಸ್ವಂತ ಜಿಇ ತಲೆಗೆ ಬೀಳುತ್ತದೆ. ಸ್ಯಾನ್ ಡಿಯೇಗೊದಲ್ಲಂತೂ ಒಳಗೇ ಎಂಟು ಕಾಲೇಜುಗಳು, ಒಂದೊಂದಕ್ಕೂ ತನ್ನದೇ ಜಿಇ.

ಕ್ಯಾಲ್ ಸ್ಟೇಟ್ ಈ ವಿಷಯದಲ್ಲಿ ಮುಂದಿದೆ. 2010ರ ಎಸ್‌ಬಿ 1440 ಕಾನೂನಿನಿಂದ ಬಂದ ಟ್ರಾನ್ಸ್‌ಫರ್ ಡಿಗ್ರಿ ಮುಗಿಸಿದವರಿಗೆ ಅಲ್ಲಿ ಯಾವುದಾದರೂ ಒಂದು ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ. ಕೇಳಿದ ಕ್ಯಾಂಪಸ್ಸೇ ಸಿಗುತ್ತದೆ ಅಂತಲ್ಲ, ಆದರೂ ಮಾತು ಅಂದರೆ ಮಾತು. ಯುಸಿ ಟ್ರಾನ್ಸ್‌ಫರ್ ಪಾತ್‌ವೇಸ್ ಅಂತ ಕೆಲವು ಮೇಜರ್‌ಗಳಿಗೆ ಮಾದರಿ ಪಟ್ಟಿ ಮಾಡಿದೆ. ಅದನ್ನು ಮುಗಿಸಿದ ಮಾತ್ರಕ್ಕೆ ಸೀಟು ಸಿಗುವುದಿಲ್ಲ.

ಕಮ್ಯುನಿಟಿ ಕಾಲೇಜು ಅಂದರೆ ಮೂಗು ಮುರಿಯುವ ನಮ್ಮವರಿಗೆ ಒಂದು ಮಾತು. 1960ರ ಮಾಸ್ಟರ್ ಪ್ಲಾನ್‌ನಲ್ಲಿ ಈ ಕಾಲೇಜುಗಳನ್ನು ಎಲ್ಲರಿಗೂ ತೆರೆದ ಬಾಗಿಲು ಅಂತಲೇ ಮಾಡಿದ್ದು. ಹೈಸ್ಕೂಲಿನಲ್ಲಿ ಎಡವಿದವರೂ ಎರಡು ವರ್ಷ ಚೆನ್ನಾಗಿ ಓದಿದರೆ ಬರ್ಕ್ಲಿ ತಲುಪಬಹುದು ಅನ್ನುವುದೇ ಅದರ ಆಸೆ. ಡಿ ಆಂಜಾ, ಫುಟ್‌ಹಿಲ್, ಓಲೋನಿ ಕಾಲೇಜುಗಳು ನಮ್ಮ ಮನೆಗಳ ಪಕ್ಕದಲ್ಲೇ ಇವೆ. ಒಂದು ಸಲ ಒಳಗೆ ಹೋಗಿ ನೋಡಿ.

ಈಗಾಗಲೇ ಓದುತ್ತಿರುವವರು ಒಂದು ಮರೆಯಬೇಡಿ. ಹನ್ನೊಂದು ಕೋರ್ಸು ಮುಗಿದರೆ ಸರ್ಟಿಫಿಕೇಶನ್ (ಪಟ್ಟಿ ಪೂರ್ತಿ ಮುಗಿದಿದೆ ಅಂತ ಕಾಲೇಜು ಕೊಡುವ ದೃಢೀಕರಣ) ತಾನಾಗಿಯೇ ಆಗಿರುತ್ತದೆ ಅಂದುಕೊಂಡು ಕೂರಬೇಡಿ. ಕೊನೆಯ ಟ್ರಾನ್ಸ್‌ಕ್ರಿಪ್ಟ್ ಕಳಿಸುವಾಗ ಕಾಲೇಜಿನಲ್ಲಿ ಕೇಳಿ ಮಾಡಿಸಿಕೊಳ್ಳಿ. 2025ರ ಫಾಲ್‌ಗಿಂತ ಮೊದಲು ಸೇರಿ ಬಿಡದೆ ಓದುತ್ತಿರುವವರು ಹಳೇ ಪಟ್ಟಿಯಲ್ಲೇ ಮುಂದುವರಿಯಬಹುದು, ಗಾಬರಿ ಬೇಡ.

ಉಳಿದವರು ನಿಮ್ಮ ಅಸೆಂಬ್ಲಿ ಸದಸ್ಯರ ಕಚೇರಿಗೆ ಒಂದು ಪತ್ರ ಬರೆಯಿರಿ. ವೋಟಿನ ಹಕ್ಕು ಇಲ್ಲದವರೂ ಬರೆಯಬಹುದು, ಟ್ಯಾಕ್ಸ್ ನಾವೂ ಕಟ್ಟುತ್ತೇವೆ. ಎಬಿ 928 ಬಂದದ್ದು ಸ್ಯಾಕ್ರಮೆಂಟೊದ ಶಾಸನಸಭೆಯಿಂದ, ಮುಂದಿನದೂ ಅಲ್ಲಿಂದಲೇ ಬರಬೇಕು. ಕೇಳಬೇಕಾದ್ದು ಇಷ್ಟು: ಒಂದು ಮೇಜರ್‌ಗೆ ಒಂದೇ ಪಟ್ಟಿ, ಪದವಿ ಕೊಡುವ ಒಂಬತ್ತೂ ಯುಸಿ ಕ್ಯಾಂಪಸ್‌ಗಳು ಅದನ್ನು ಒಪ್ಪಬೇಕು, ಮುಗಿಸಿದವರಿಗೆ ಅವುಗಳಲ್ಲಿ ಒಂದು ಕಡೆಯಾದರೂ ಸೀಟು ಕೊಡಬೇಕು.