ನಲ್ಲಾರ್ಬರ್ ದಾರಿಯಲ್ಲಿ ಮೊದಲ ಹಕ್ಕು ಲಾರಿಯವರದು

ರಜೆಗೆಂದು ಕ್ಯಾರವಾನ್ (ವಾಹನದ ಹಿಂದೆ ಕಟ್ಟಿಕೊಳ್ಳುವ ಗಾಲಿಮನೆ) ಎಳೆದುಕೊಂಡು ಹೊರಟ ನಮ್ಮಂಥವರು ಲಾರಿಗಳಿಗೆ ಮೀಸಲಿಟ್ಟ ತಂಗುಜಾಗಗಳಲ್ಲಿ ಬೀಡುಬಿಡಬಾರದು. ಜಾಗ ಖಾಲಿ ಕಂಡರೂ ಬಿಡಬಾರದು. ಆಸ್ಟ್ರೇಲಿಯಾದ ಪರ್ತ್‌ನಿಂದ ನಲ್ಲಾರ್ಬರ್ ಬಯಲು ದಾಟಿ ಅಡಿಲೇಡ್ ಕಡೆಗೆ ಹೊರಟಿರುವ ನಾವು ಇವತ್ತು ಬ್ಯಾಲಡೋನಿಯಾ ಎಂಬ ದಾರಿಬದಿಯ ನೆಲೆಯಿಂದ ಮಡೂರಾ ಎಂಬ ಇನ್ನೊಂದು ನೆಲೆ ತಲುಪಿದ್ದೇವೆ. ದಾರಿಯಲ್ಲಿ ಕಂಡದ್ದನ್ನು ನೆನೆದರೆ ಸುಮ್ಮನಿರಲಾಗುತ್ತಿಲ್ಲ.

ಈ ದಾರಿಯ ಹೆಸರು ಐರ್ ಹೆದ್ದಾರಿ. ನಾರ್ಸ್‌ಮನ್‌ನಿಂದ ಪೋರ್ಟ್ ಆಗಸ್ಟಾವರೆಗೆ 1,600 ಕಿ.ಮೀ.ಗೂ ಹೆಚ್ಚು ಉದ್ದ. ಇದಕ್ಕೆ ಪೂರ್ತಿಯಾಗಿ ಡಾಂಬರು ಬಿದ್ದದ್ದು 1976ರಲ್ಲಿ. ಬ್ಯಾಲಡೋನಿಯಾ ಬಿಟ್ಟ ಸ್ವಲ್ಪ ಹೊತ್ತಿಗೆ ಪ್ರಸಿದ್ಧವಾದ ನೇರ ರಸ್ತೆ ಶುರುವಾಗುತ್ತದೆ. ಕೈಗೂನಾ ಹತ್ತಿರ ಬರುವ ತನಕ 146.6 ಕಿ.ಮೀ., ಒಂದೇ ಒಂದು ತಿರುವಿಲ್ಲ. ನಲ್ಲಾರ್ಬರ್ ಎಂದೊಡನೆ ಬೋಳು ಬಯಲನ್ನು ಕಲ್ಪಿಸಿಕೊಂಡು ಬಂದವರಿಗೆ ಇಲ್ಲಿ ಕುರುಚಲು ಮರಗಳು ಕಾಣುತ್ತವೆ. ನಿಜವಾದ ಬೋಳು ಬಯಲು ಇನ್ನೂ ಮುಂದೆ, ದಕ್ಷಿಣ ಆಸ್ಟ್ರೇಲಿಯಾದ ಗಡಿ ದಾಟಿದ ಮೇಲೆ. ಒಂದು ಕಡೆ ಡಾಂಬರಿನ ಮೇಲೆಯೇ ದಪ್ಪ ಬಿಳಿ ಪಟ್ಟೆ ಬಳಿದಿದ್ದಾರೆ. ಅದು ದೂರದ ಊರುಗಳ ರೋಗಿಗಳಿಗಾಗಿ ವಿಮಾನದಲ್ಲಿ ಬರುವ ಫ್ಲೈಯಿಂಗ್ ಡಾಕ್ಟರ್ ಸೇವೆಯ ವಿಮಾನ ಇಳಿಯುವ ಜಾಗ. ಆಸ್ಪತ್ರೆ ಅಷ್ಟು ದೂರವಿರುವುದರಿಂದ ತುರ್ತು ಬಂದರೆ ರಸ್ತೆಯನ್ನೇ ರನ್‌ವೇ ಮಾಡಿಕೊಳ್ಳುತ್ತಾರೆ.

ಆ ನೇರ ದಾರಿಯಲ್ಲಿ ನಮ್ಮ ಹಿಂದೆ ಒಂದು ರೋಡ್ ಟ್ರೇನ್ ಬಂತು. ಟ್ರೇಲರ್‌ಗಳನ್ನು ಪೋಣಿಸಿದ, 36.5 ಮೀಟರ್‌ವರೆಗೂ ಉದ್ದವಿರಬಹುದಾದ ಲಾರಿ ಅದು. ವಾಹನದಿಂದ ವಾಹನಕ್ಕೆ ಮಾತಾಡುವ ಯುಎಚ್‌ಎಫ್ ರೇಡಿಯೊದ 40ನೆಯ ಚಾನೆಲ್‌ನಲ್ಲಿ ಪಂಜಾಬಿ ಧಾಟಿಯ ಇಂಗ್ಲಿಷ್ ಕೇಳಿಸಿತು: ಮುಂದಿರುವ ಬಿಳಿ ಕ್ಯಾರವಾನ್‌ನವರೇ, ನಿಮ್ಮನ್ನು ದಾಟಿ ಹೋಗಲೇ? ಈ ಹೆದ್ದಾರಿಯಲ್ಲಿ ಲಾರಿ ಓಡಿಸುವವರಲ್ಲಿ ಪಂಜಾಬಿನಿಂದ ಬಂದವರು ಬಹಳ. ರೇಡಿಯೊ ಹಿಡಿದಿದ್ದ ನನ್ನ ಹೆಂಡತಿ, ಎದುರಿಗೆ ದಾರಿ ಖಾಲಿ ಇದೆ, ನಾವು ವೇಗ ಬದಲಿಸುವುದಿಲ್ಲ, ಬನ್ನಿ ಎಂದಳು.

ಇಲ್ಲಿ ಬಹಳ ಜನ ಒಳ್ಳೆಯ ಮನಸ್ಸಿನಿಂದಲೇ ಅಪಾಯ ತಂದುಕೊಳ್ಳುತ್ತಾರೆ. ಜಾಗ ಬಿಡುತ್ತೇವೆಂದು ಎಡಗಾಲಿಗಳನ್ನು ಜಲ್ಲಿ ಅಂಚಿಗೆ ಇಳಿಸುತ್ತಾರೆ. ಕಲ್ಲು ಸಿಡಿಯುತ್ತದೆ, ಕ್ಯಾರವಾನ್ ಓಲಾಡುತ್ತದೆ. ಲಾರಿ ಪಕ್ಕದ ಪಥಕ್ಕೆ ಬರುವ ಮೊದಲೇ ಬ್ರೇಕ್ ಒತ್ತಿದರೆ ಹಿಂದಿನವರ ಲೆಕ್ಕಾಚಾರವೇ ತಪ್ಪುತ್ತದೆ. ನಮ್ಮ ಪಥದಲ್ಲೇ ಒಂದೇ ವೇಗದಲ್ಲಿರಬೇಕು. ಲಾರಿ ಪೂರ್ತಿ ಬಲಕ್ಕೆ ಬಂದ ಮೇಲೆ ಆಕ್ಸಲರೇಟರ್‌ನಿಂದ ಕಾಲು ಸಡಿಲಿಸಿದರೆ ಅದು ಎದುರು ಪಥದಲ್ಲಿ ಕಳೆಯುವ ಹೊತ್ತು ಕಡಿಮೆಯಾಗುತ್ತದೆ. ಅದರ ಗಾಳಿ ಮೊದಲು ನಮ್ಮನ್ನು ಆಚೆಗೆ ತಳ್ಳುತ್ತದೆ, ಆಮೇಲೆ ತನ್ನ ಕಡೆಗೆ ಎಳೆಯುತ್ತದೆ. ಅದಕ್ಕಾಗಿಯೇ ಭಾರದ ಸಾಮಾನನ್ನು ಕ್ಯಾರವಾನಿನ ಬಾಲದಲ್ಲಿ ತುಂಬಬಾರದು, ಗಾಲಿಗಳ ಆಕ್ಸಲ್‌ನ ನೇರಕ್ಕೆ, ನೆಲಹಾಸಿನ ಮಟ್ಟದಲ್ಲಿ ಇಡಬೇಕು. ನಮ್ಮನ್ನು ದಾಟಿದ ಮೇಲೆ ಆ ಲಾರಿಯ ಚಾಲಕರು ಇಂಡಿಕೇಟರನ್ನು ಎಡಕ್ಕೂ ಬಲಕ್ಕೂ ಮಿನುಗಿಸಿ ಕೃತಜ್ಞತೆ ಹೇಳಿದರು. ಮುಖ ಕಾಣದ ಆ ಮನುಷ್ಯರ ಮೇಲೆ ನನಗೆ ತುಂಬು ಗೌರವ ಮೂಡಿತು.

ಕೈಗೂನಾದಲ್ಲಿ ಡೀಸೆಲ್ ಹಾಕಿಸಿ, ಗಡಿಯಾರವನ್ನು 45 ನಿಮಿಷ ಮುಂದಕ್ಕೆ ತಿರುಗಿಸಿ ಹೊರಟೆವು. ಇಲ್ಲಿಂದ ಗಡಿಯವರೆಗಿನ ನಾಲ್ಕೈದು ನೆಲೆಗಳಿಗೆ ಬೇರೆಯದೇ ಸಮಯ.

ಕಾಕಲ್‌ಬಿಡಿ ದಾಟಿದ ಮೇಲೆ ಲಾರಿಗಳ ಒಂದು ತಂಗುಜಾಗ. ಲಾರಿಯ ಚಿತ್ರವಿರುವ ಫಲಕ ಸ್ಪಷ್ಟವಾಗಿತ್ತು. ಒಳಗೆ ಕ್ಯಾರವಾನ್‌ಗಳು ಅಡ್ಡಾದಿಡ್ಡಿ ನಿಂತಿದ್ದವು. ನೆರಳಿನ ಬಟ್ಟೆ ಕಟ್ಟಿ, ಕುರ್ಚಿ ಹಾಕಿಕೊಂಡು ಜನ ಕುಳಿತಿದ್ದರು. ನಮ್ಮ ಮುಂದಿದ್ದ ರೋಡ್ ಟ್ರೇನ್ ವೇಗ ತಗ್ಗಿಸಿತು, ನುಗ್ಗಲು ಜಾಗ ಕಾಣದೆ ಹಾಗೆಯೇ ಮುಂದೆ ಹೋಯಿತು. ಆ ಚಾಲಕರು ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದರೋ.

ದಕ್ಷಿಣ ಆಸ್ಟ್ರೇಲಿಯಾದಲ್ಲಿ ಜಾರಿಯಲ್ಲಿರುವ ರಾಷ್ಟ್ರೀಯ ನಿಯಮದ ಸಾಮಾನ್ಯ ಲೆಕ್ಕದಂತೆ, ಭಾರಿ ಲಾರಿಯ ಚಾಲಕರು 24 ಗಂಟೆಗಳಲ್ಲಿ 12 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ವಾಹನ ನಿಲ್ಲಿಸಿ ಸತತ 7 ಗಂಟೆ ವಿಶ್ರಮಿಸಲೇಬೇಕು. ಪಶ್ಚಿಮ ಆಸ್ಟ್ರೇಲಿಯಾದ ನಿಯಮ ಬೇರೆ, ಆದರೆ ಅಲ್ಲಿಯೂ ವಿಶ್ರಾಂತಿ ಕಡ್ಡಾಯ. ಕಾನೂನು ನಿಲ್ಲು ಎನ್ನುತ್ತದೆ, ನಿಲ್ಲುವ ಜಾಗವನ್ನು ನಾವು ಕಿತ್ತುಕೊಳ್ಳುತ್ತೇವೆ. ಸ್ವಲ್ಪ ಹೊತ್ತು ತಾನೇ, ನಮಗೂ ದಣಿವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ದಣಿವಾಗುತ್ತದೆ, ನಿಜ. ನಮಗಾಗಿ ಇನ್ನಷ್ಟು ತಂಗುಜಾಗ ಕಟ್ಟಿ ಎಂದು ಸರ್ಕಾರವನ್ನು ಒತ್ತಾಯಿಸೋಣ, ನಾನೂ ಸಹಿ ಹಾಕುತ್ತೇನೆ. ಆದರೆ ನಮ್ಮ ಕ್ಯಾರವಾನ್ ಯಾವುದೇ ಸಾಮಾನ್ಯ ತಂಗುಜಾಗದಲ್ಲಿ ಹಿಡಿಸುತ್ತದೆ, ರೋಡ್ ಟ್ರೇನ್ ಹಿಡಿಸುವುದಿಲ್ಲ.

ಈ ಲಾರಿಗಳು ಏನು ಹೊತ್ತು ತರುತ್ತವೆ ಎಂಬುದು ಪರ್ತ್‌ನಲ್ಲಿರುವ ನಮಗೆ ಗೊತ್ತಾಗಬೇಕಿತ್ತು. 2020ರ ಜನವರಿಯಲ್ಲಿ ಕಾಳ್ಗಿಚ್ಚಿನಿಂದ ಈ ಹೆದ್ದಾರಿ ಮುಚ್ಚಿದಾಗ ಸಾಲು ಸಾಲು ಲಾರಿಗಳು ನಾರ್ಸ್‌ಮನ್‌ನಲ್ಲಿ ದಿನಗಟ್ಟಲೆ ಸಿಕ್ಕಿಕೊಂಡವು. 2022ರ ಆರಂಭದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮಳೆಗೆ ರೈಲು ಹಳಿ ಕೊಚ್ಚಿಹೋಗಿ, ಪರ್ತ್‌ನ ಸೂಪರ್‌ಮಾರ್ಕೆಟ್‌ಗಳ ಕಪಾಟುಗಳು ಬರಿದಾದವು. ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿದರು. ಈ ರಸ್ತೆ, ಆ ಹಳಿಯ ಮೇಲೆ ಪೂರ್ವದ ರಾಜ್ಯಗಳಿಂದ ನಮ್ಮ ಅಡುಗೆಮನೆಗೆ ಬರುವ ಪದಾರ್ಥದ ಹಾದಿ ಅಷ್ಟು ಸಪೂರ.

ಕಾಂಗರೂಗಳು ರಸ್ತೆಗೆ ಇಳಿಯುವ ಮುಸ್ಸಂಜೆಗೆ ಮುಂಚೆ ಮಡೂರಾ ಕಣಿವೆದಾರಿ ಇಳಿದೆವು. ಕೆಳಗೆ ರೋ ಬಯಲು ಕಣ್ಣು ಹಾಯುವಷ್ಟೂ ಹರಡಿಕೊಂಡಿತ್ತು. ರಾತ್ರಿ ತಿಳಿಸಾರು, ಅನ್ನ.

ರಜೆಗೆ ಈ ದಾರಿ ಹಿಡಿಯುವ ಗೆಳೆಯರೇ, ರೇಡಿಯೊವನ್ನು ಚಾನೆಲ್ 40ರಲ್ಲಿಡಿ, ಕ್ಯಾರವಾನಿನ ಹಿಂದೆ ಅದನ್ನು ದೊಡ್ಡದಾಗಿ ಬರೆಸಿ. ಕುಡಿಯುವ ನೀರನ್ನು ನಾರ್ಸ್‌ಮನ್‌ನಲ್ಲೇ ತುಂಬಿಸಿಕೊಳ್ಳಿ. ರಾತ್ರಿ ತಂಗಲು ರೋಡ್‌ಹೌಸ್‌ನಲ್ಲಿ (ಇಂಧನ, ಊಟ, ವಸತಿ ಸಿಗುವ ದಾರಿಬದಿಯ ನೆಲೆ) ಹಣ ಕೊಟ್ಟು ಜಾಗ ಹಿಡಿಯಿರಿ. ಬೇರೇನಾದರೂ ಕೇಳುವುದಿದ್ದರೆ ಇಲ್ಲೇ ಬರೆಯಿರಿ, ನಾಳೆ ಗಡಿಯ ಹತ್ತಿರದ ಯೂಕ್ಲಾ ತಲುಪಿದ ಮೇಲೆ ಉತ್ತರಿಸುತ್ತೇನೆ.