ಸತ್ಯಾಂಶ: ತೋಟ ಇದ್ದರೆ ಕೋವಿಗೆ ಲೈಸೆನ್ಸ್ ಬೇಡವೇ?

‘ಮಲೆನಾಡಿನಲ್ಲಿ ತೋಟ ಇದ್ದವರು ಬೆಳೆ ಕಾಯಲು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು’ ಎಂಬ ವಾಟ್ಸಾಪ್ ಸಂದೇಶ ಸುಳ್ಳು. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ. ಈಗಿನ ಆದೇಶ 2029ರವರೆಗಿದೆ. ತೀರ್ಥಹಳ್ಳಿಯಲ್ಲಾಗಲಿ ಹೊಸನಗರದಲ್ಲಾಗಲಿ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕೇ ಬೇಕು.

ಹೆಚ್ಚಿನವರು ಸಿಕ್ಕಿಬೀಳುವುದು ಅಜ್ಜನ ಕೋವಿಯಲ್ಲಿ. ಲೈಸೆನ್ಸುದಾರರು ತೀರಿಕೊಂಡರೆ ಕೋವಿ ತಾನಾಗಿ ಮಗನ ಹೆಸರಿಗೆ ಬರುವುದಿಲ್ಲ. ತಡಮಾಡದೆ ಹತ್ತಿರದ ಠಾಣೆಗೋ ಪರವಾನಗಿ ಇರುವ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ಜಿಲ್ಲಾಧಿಕಾರಿಗೆ ಅರ್ಜಿ. ನಳಿಗೆಯ ಮೇಲಿನ ನಂಬರು ಲೈಸೆನ್ಸ್ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮಳೆಗಾಲದ ತುಕ್ಕಿಗೆ ಅಂಕಿ ಅಳಿಸಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ಇನ್ನು ಬೆಳೆಗೆ ನುಗ್ಗುವ ಕಾಡುಹಂದಿಯ ವಿಷಯ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಅನುಮತಿಯಲ್ಲ. ಹಂದಿ ಹೊಡೆಯಲು 1972ರ ವನ್ಯಜೀವಿ ಕಾಯ್ದೆಯಡಿ ಲಿಖಿತ ಆದೇಶ ಬೇರೆಯೇ ಬೇಕು.

ಚುನಾವಣೆ ಹೊತ್ತಿಗೆ ಕೋವಿಯನ್ನು ಠೇವಣಿ ಇಡಿ ಎಂದು ನೋಟಿಸ್ ಬಂದರೆ ಇಡಲೇಬೇಕು. ರಸೀದಿ ಮಾತ್ರ ಜೋಪಾನ, ಅದಿಲ್ಲದೆ ವಾಪಸ್ ಪಡೆಯಲು ಅಲೆದಾಟ ತಪ್ಪಿದ್ದಲ್ಲ.