ಎಲ್ ಶದ್ದೈ: ಹೆಸರಿನ ಹಿಂದೆ ಸುಮೇರಿನ ಬೆಟ್ಟವಿದೆಯೇ?

ಪರ

ಹೀಬ್ರೂ ಬೈಬಲ್ಲಿನಲ್ಲಿ ದೇವರ ಹೆಸರಾದ ‘ಶದ್ದೈ’ (ಕೆಲವೆಡೆ ‘ಎಲ್ ಶದ್ದೈ’, ‘ಎಲ್’ ಎಂದರೆ ದೇವರು) ಸುಮೇರಿನ ದೇವರೊಬ್ಬನ ಬಿರುದಿನಿಂದ ಬಂತು ಎಂಬುದು ನಮ್ಮ ವಾದ. ಆ ಹೆಸರು 48 ಸಲ ಬರುತ್ತದೆ, ಅದರಲ್ಲಿ 31 ಯೋಬನ ಗ್ರಂಥದಲ್ಲೇ. ‘ಸರ್ವಶಕ್ತ’ ಎಂಬ ಅರ್ಥ ಗ್ರೀಕ್, ಲ್ಯಾಟಿನ್ ಅನುವಾದಕರಿಂದ ಬಂದದ್ದು. ಮೆಸೊಪೊಟೇಮಿಯಾದ (ಇಂದಿನ ಇರಾಕ್) ಪ್ರಾಚೀನ ಅಕ್ಕಾಡಿಯನ್ ಭಾಷೆಯಲ್ಲಿ ‘ಶದೂ’ ಎಂದರೆ ಬೆಟ್ಟ. ಅದರಿಂದಾದ, ದಕಾರ ಒತ್ತಿರುವ ‘ಶದ್ದಾಉ’ ಎಂದರೆ ಬೆಟ್ಟದವನು. 1935ರಲ್ಲಿ ಅಮೆರಿಕದ ಬೈಬಲ್ ಪುರಾತತ್ವಜ್ಞ ವಿಲಿಯಂ ಆಲ್‌ಬ್ರೈಟ್ ಶದ್ದೈಯನ್ನು ಈ ರೂಪಕ್ಕೇ ಜೋಡಿಸಿದರು.

ಈಗ ಸುಮೇರಿನ ನಿಪ್ಪೂರ್ ಪಟ್ಟಣಕ್ಕೆ ಬನ್ನಿ. ಅಲ್ಲಿನ ಒಡೆಯ ಎನ್ಲಿಲ್ ದೇವರು. ಸುಮೇರಿಯನ್ನಿನಲ್ಲಿ ಅವನ ಬಿರುದು ‘ಕುರ್-ಗಲ್’: ಕುರ್ ಬೆಟ್ಟ, ಗಲ್ ದೊಡ್ಡದು. ಅವನ ಗುಡಿಯ ಹೆಸರೂ ‘ಎ-ಕುರ್’, ಬೆಟ್ಟದ ಮನೆ. ಅಕ್ಕಾಡಿಯನ್ ಲಿಪಿಕಾರರು ಬಿರುದನ್ನು ‘ಶದೂ ರಬೂ’ (ದೊಡ್ಡ ಬೆಟ್ಟ) ಎಂದು ಅನುವಾದಿಸಿದರು. ಮುಂದೆ ಅಸ್ಸೀರಿಯದ ಅಶ್ಶೂರ್ ದೇವರಿಗೂ ಅದೇ ಸಂದಿತು. ದೇವರು ಬದಲಾದರೂ ಬಿರುದು ಉಳಿಯಿತು. ನಮ್ಮ ವಾದವೂ ಇಷ್ಟೇ: ಇಸ್ರಾಯೇಲರು ಎನ್ಲಿಲ್‌ನನ್ನು ಪೂಜಿಸಿದರು ಎಂದಲ್ಲ, ಅವನ ಬಿರುದು ಪಶ್ಚಿಮಕ್ಕೂ ತಲುಪಿತು ಎಂದು. ಬೈಬಲ್ಲಿನ ದೇವರ ಹೆಸರು ‘ಯಾಹ್’ಗೂ ಮೆಸೊಪೊಟೇಮಿಯಾದ ದೇವರು ‘ಏಆ’ಗೂ ಕೇವಲ ಉಚ್ಚಾರದ ಮೇಲೆ ನಂಟು ಕಟ್ಟುವವರ ಜೊತೆ ನಾವಿಲ್ಲ.

ವಿಮೋಚನಕಾಂಡ 6:3 ಎಲ್ ಶದ್ದೈಯನ್ನು ಅಬ್ರಹಾಮ, ಇಸಾಕ, ಯಾಕೋಬರ ಕಾಲದ ಹೆಸರೆಂದೇ ಹೇಳುತ್ತದೆ. ಆ ಮನೆತನ ಸುಮೇರಿನ ಊರ್ ಪಟ್ಟಣದಿಂದ ಹೊರಟಿತೆಂಬ ಸ್ಮೃತಿ ಆದಿಕಾಂಡ 11ರಲ್ಲಿದೆ.

ಶಕಾರದ ಆಕ್ಷೇಪ ನಮಗೆ ಗೊತ್ತು: ‘ಶದೂ’ವಿನ ಹೀಬ್ರೂ ಜ್ಞಾತಿ ಪದದಲ್ಲಿ (ಒಂದೇ ಮೂಲದ ಪದದಲ್ಲಿ) ಸಕಾರವಿದೆ, ಶದ್ದೈಯಲ್ಲಿ ಶಕಾರ. ಆದರೆ ಎರವಲು ಪದ ಮನೆಮಾತಿನ ಧ್ವನಿನಿಯಮಕ್ಕೆ ಬಗ್ಗಬೇಕಿಲ್ಲ. ಕನ್ನಡದಲ್ಲಿ ‘ಪಾಲ್’ ಹಾಲಾಯಿತು, ‘ಪತ್ರ’ ಪತ್ರವಾಗಿಯೇ ಉಳಿಯಿತು. ಹೀಬ್ರೂವಿನಲ್ಲೂ ಹಾಗೆಯೇ: ಅಕ್ಕಾಡಿಯನ್ ‘ಶರ್ರು’ವಿನ (ರಾಜ) ಜ್ಞಾತಿ ಪದ ‘ಸರ್’ (ಅಧಿಪತಿ), ಆದರೆ ಅದೇ ಶರ್ರು ಸೇರಿರುವ, ಎರವಲಾಗಿ ಬಂದ ಹೆಸರು ‘ಬೇಲ್ಶಚ್ಚರ’ನಲ್ಲಿ ಶಕಾರ ಹಾಗೇ ಇದೆ.

ವಿರೋಧ

ಪದಗಳನ್ನು ಜೋಡಿಸುವಾಗ ಮೊದಲು ವ್ಯಂಜನ ನೋಡಬೇಕು, ಆಮೇಲೆ ಮೂರನೇ ಭಾಷೆಯೊಂದನ್ನು ಕೇಳಬೇಕು, ಅರ್ಥ ಕೊನೆಗೆ. ಪರ ವಾದ ಅರ್ಥದಿಂದ ಶುರುವಾಗಿದೆ.

ಹೀಬ್ರೂ, ಅಕ್ಕಾಡಿಯನ್ ಎರಡಕ್ಕೂ ಪೂರ್ವಜ ಭಾಷೆಯಾದ ಮೂಲ ಸೆಮಿಟಿಕ್‌ನ ಮೂರು ಬೇರೆ ಧ್ವನಿಗಳು ಅಕ್ಕಾಡಿಯನ್ನಿನಲ್ಲಿ ಒಂದೇ ಶಕಾರವಾಗಿವೆ. ಹಾಗಾಗಿ ‘ಶದೂ’ ಒಂದನ್ನೇ ನೋಡಿದರೆ ಅದರ ಮೂಲ ತಿಳಿಯದು. ಅದರ ಜ್ಞಾತಿಯೆಂದು ಸಾಮಾನ್ಯವಾಗಿ ತೋರಿಸುವ ಹೀಬ್ರೂ ಪದ ‘ಸಾದೆ’, ಅಂದರೆ ಹೊಲ, ಬಯಲು. ಅದರ ಮೊದಲ ಅಕ್ಷರ ಸೀನ್ (ಸಕಾರ), ಶೀನ್ (ಶಕಾರ) ಅಲ್ಲ. ಈ ಎರಡನ್ನು ಬೇರ್ಪಡಿಸುವ ಚುಕ್ಕಿಯನ್ನು ಮಸೊರೇಟರು (ಬೈಬಲ್ ಪಾಠಕ್ಕೆ ಉಚ್ಚಾರದ ಚಿಹ್ನೆ ಹಾಕಿದ ಮಧ್ಯಯುಗದ ಯೆಹೂದಿ ಪಂಡಿತರು) ತಡವಾಗಿ ಇಟ್ಟರು ಎನ್ನಬಹುದು. ಚುಕ್ಕಿ ಬೇಡ, ಶ್ಲೇಷೆಯನ್ನೇ ಕೇಳಿ. ಯೆಶಾಯ 13:6 ಮತ್ತು ಯೋವೇಲ 1:15ರಲ್ಲಿ ‘ಶೋದ್ ಮಿಶ್ಶದ್ದೈ’, ಶದ್ದೈಯಿಂದ ನಾಶ. ಆದಿಕಾಂಡ 49:25ರಲ್ಲಿ ಶದ್ದೈಯ ಬೆನ್ನಿಗೇ ‘ಶದಯಿಮ್’, ಸ್ತನಗಳ ಆಶೀರ್ವಾದ. ಕವಿಯ ಕಿವಿಗೆ ಅದು ಶಕಾರವೇ ಆಗಿತ್ತು.

ಸಿರಿಯಾ ಕರಾವಳಿಯ ಪ್ರಾಚೀನ ಪಟ್ಟಣ ಉಗಾರಿಟ್‌ನ ಭಾಷೆಯಲ್ಲಿ ಸ್ತನಕ್ಕೂ ಹೊಲಕ್ಕೂ ಮೊದಲ ವ್ಯಂಜನವೇ ಬೇರೆ. ಶದ್ದೈ ಸ್ತನದ ಸಾಲಿಗೆ ಸೇರಬಲ್ಲದು, ಹೊಲದ ಸಾಲಿಗೆ ಅಲ್ಲ. ಸ್ತನದಾಕಾರದ ಗುಡ್ಡ ಎಂಬ ಅರ್ಥ ಹಿಡಿದರೂ ಪದ ಸೆಮಿಟಿಕ್ ಮನೆಯದೇ, ನಿಪ್ಪೂರಿನ ಹಂಗು ಅದಕ್ಕಿಲ್ಲ. ಬೆಟ್ಟದ ದೇವರೂ ಲೆವಾಂಟಿಗೆ (ಸಿರಿಯಾ, ಇಸ್ರೇಲ್ ಸುತ್ತಲ ಪೂರ್ವ ಮೆಡಿಟರೇನಿಯನ್ ನಾಡಿಗೆ) ಹೊಸಬನಲ್ಲ: ಉಗಾರಿಟ್‌ನ ಬಾಳ ದೇವರ ನೆಲೆ ಸಾಫೋನ್ ಬೆಟ್ಟ.

ಬೇಲ್ಶಚ್ಚರನದು ಕ್ರಿ.ಪೂ. 6ನೇ ಶತಮಾನದ ಬಾಬಿಲೋನಿನ ಹೆಸರು. ಅದೇ ‘ಶರ್ರು’ ಅಸ್ಸೀರಿಯದ ದಾರಿಯಲ್ಲಿ ಬಂದಾಗ ಯೆಶಾಯ 20:1ರ ಅಸ್ಸೀರಿಯದ ಅರಸನ ಹೆಸರಿನಲ್ಲಿ ‘ಸರ್ಗೋನ’ನಾಯಿತು, ಶಕಾರ ಉಳಿಯಲಿಲ್ಲ. ಹಳೆಯ ಎರವಲಿಗೆ ಇಷ್ಟು ತಡವಾದ ಸಾಕ್ಷಿ ಸಾಲದು. 1967ರಲ್ಲಿ ಜೋರ್ಡಾನಿನ ದೇರ್ ಅಲ್ಲಾದಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 800ರ ಗಾರೆಬರಹದಲ್ಲಿ ಬೈಬಲ್ಲಿನಲ್ಲೂ ಬರುವ ದರ್ಶಿ, ಬೆಯೋರನ ಮಗ ಬಿಳಾಮನಿದ್ದಾನೆ, ಸಭೆ ಸೇರಿದ ‘ಶದ್ದಯಿನ್’ ದೇವರುಗಳಿದ್ದಾರೆ. ಪದ ಬಹುವಚನದಲ್ಲಿದೆ, ಒಂದು ಇಡೀ ದೇವಗಣದ ಹೆಸರಾಗಿ. ಅಲ್ಲಿ ಎನ್ಲಿಲ್ ಇಲ್ಲ, ‘ರಬೂ’ಗೆ ಸಮನಾದ ವಿಶೇಷಣವೂ ಇಲ್ಲ.